ಪುರಾವೆ ಮಾಮ
ಓಣಿಯವರೆಲ್ಲ ಅವರನ್ನು ಕರೆಯುವುದೇ ಪುರಾವೆ ಮಾಮ ಎಂದು. ಹೆಂಡತಿ "ಮಳೆ ಬರೋ ಹಾಗಿದೆ, ಕೊಡೆ ತಗೊಳ್ಳಿ" ಎಂದರೂ "ಯಾರು ಹೇಳಿದ್ದು? ಎಲ್ಲಿ ಅಚ್ಚಾಗಿದೆ?" ಎಂದು ಕೇಳುವ ಆಸಾಮಿ. ಗ್ರಂಥಾಲಯದಲ್ಲಿ ಕಸ ಗುಡಿಸುವ ಮೊದಲೇ ಹಾಜರಾಗಿ, ಹಳೇ ಪತ್ರಿಕೆ, ಸಂಶೋಧನಾ ವರದಿಗಳ ರಾಶಿಯಲ್ಲಿ ಮೂಗು ಹುದುಗಿಸಿ ಕೂರುತ್ತಾರೆ. ಶಾಲೆಯ ಮುಂದಿನ ರಸ್ತೆಗೆ ಉಬ್ಬು ಹಾಕಿಸಬೇಕೆಂದು ನಗರಸಭೆಯಲ್ಲಿ ಮಾಡುವ ಭಾಷಣಕ್ಕೆ ಆಧಾರ ಬೇಕಲ್ಲ! ಸಿಗುವುದೆಲ್ಲ ಹಳತು, ಇಲ್ಲವೇ ಬೇರೆ ಊರಿನದು. ಅಧ್ಯಕ್ಷರು ಪ್ರತಿ ಸಲವೂ "ಇನ್ನೂ ಗಟ್ಟಿಯಾದದ್ದು ತನ್ನಿ" ಎಂದು ಸಾಗಹಾಕುತ್ತಾರೆ. ಕಣ್ಣು ಸೋತರೂ ಮಾಮ ಮತ್ತೆ ಬಂದು ಅದೇ ಬೆಂಚಿನ ಮೇಲೆ ಕೂರುತ್ತಾರೆ. ಹೊಸ ಗ್ರಂಥಪಾಲಕಿ ಒಮ್ಮೆ ತಡೆಯಲಾರದೆ, "ಅದೇ ರಸ್ತೆಯಲ್ಲಿ ಗಾಡಿಗೆ ಸಿಕ್ಕಿ ಹೋಗಿಬಿಟ್ಟ ನಿಮ್ಮ ಮಗಳ ವಿಷಯಾನೇ ಹೇಳಬಾರದಾ?" ಎಂದಳು. "ಮೊದಲು ಹೇಳಿದ್ದೇ ಅದು ಕಣಮ್ಮ," ಎಂದರು ಮಾಮ, ಪುಟ ಮಗುಚುತ್ತಾ. "ಒಂದೇ ಮಗು ಲೆಕ್ಕಕ್ಕೆ ಬರಲ್ಲವಂತೆ."