ಸತ್ತ ಪಾರ್ಟಿ, ಬದುಕಿದ ಪಾರ್ಟಿ

ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ಮೊಬೈಲ್ ಕೈಗೆತ್ತಿಕೊಂಡರೆ ಅದು ನನ್ನನ್ನೇ ಕಾಯುತ್ತಿತ್ತು. "ನೀವು ನೋಡಿದ ಈ ಸಿನಿಮಾ ಹೇಗಿತ್ತು? ಅಭಿಪ್ರಾಯ ತಿಳಿಸಿ" ಎಂದು ಒಂದು ಸಾಲು, ಅದರ ಕೆಳಗೆ ಖಾಲಿ ನಕ್ಷತ್ರಗಳು. ಆ ಸಿನಿಮಾ ನೋಡಿ ವರ್ಷದ ಮೇಲಾಯಿತು. ಟಿಕೆಟ್ಟನ್ನು ಇದೇ ಮೊಬೈಲಿನಲ್ಲಿ ತೆಗೆಸಿದ ಪಾಪಕ್ಕೆ ಅದು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ. ಯುದ್ಧವಿಮಾನದ ಪೈಲಟ್ ಒಬ್ಬನ ಹಿಂದಿ ಸಿನಿಮಾದ ಎರಡನೆಯ ಭಾಗ ಅದು.

ನಾನು ಬರೆಯುವುದು ಹಾಗಿರಲಿ, ಮಂದಿ ಏನು ಬರೆದಿದ್ದಾರೆ ನೋಡೋಣವೆಂದು ಒತ್ತಿದೆ. ಚಹಾ ಉಕ್ಕಿ ಒಲೆಯ ಮೇಲೆ ಹರಿಯುವವರೆಗೂ ಓದಿದೆ. ವಿಮಾನಗಳು ಭರ್ಜರಿ, ಕಥೆ ಸುಮಾರು ಎಂದು ಒಬ್ಬರು. ಮೊದಲನೆಯ ಭಾಗ ಕೆನೆಮೊಸರಾದರೆ ಇದು ನೀರುಮಜ್ಜಿಗೆ ಎಂದು ಇನ್ನೊಬ್ಬರು. ಕೊನೆಯಲ್ಲಿ ಅತ್ತುಬಿಟ್ಟೆ ಎಂದು ಬರೆದವರ ಕೆಳಗೇ, ಕೊನೆಯಲ್ಲಿ ಎದ್ದು ಹೋದೆ ಎಂದು ಬರೆದವರಿದ್ದರು. ಒಬ್ಬ ಮಹಾರಾಯ, ಥೇಟರಿನ ಸಮೋಸಾ ತಣ್ಣಗಿತ್ತೆಂದು ಪಾಪ ಆ ಪೈಲಟ್‌ಗೆ ಒಂದೇ ನಕ್ಷತ್ರ ಕೊಟ್ಟಿದ್ದ. ಎಲ್ಲ ಓದಿದೆ. ಆದರೆ ನೋಡಿ, ಈ ಸಿನಿಮಾದ ಬಗ್ಗೆ ನಮ್ಮ ಅಪ್ಪ ಮತ್ತು ಖಾದರ್ ಚಾಚಾ ಆಡಿದ ಮಾತಿನ ಮುಂದೆ ಇವೆಲ್ಲ ಉಪ್ಪಿಲ್ಲದ ಸಾರು.

ಅಪ್ಪ ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಹಿರೇಕೆರೂರಿನಿಂದ ಹಾನಗಲ್ ಹಾದು ಸವಣೂರಿಗೆ ಬರುವ ಬಸ್ಸು ಅವನದು. ಖಾದರ್ ಚಾಚಾ ಸವಣೂರಿನವರು. ಎಲೆತೋಟವೂ ಅವರದೇ, ಪೇಟೆಯಲ್ಲಿ ಎಲೆ ಅಂಗಡಿಯೂ ಅವರದೇ. ಹಾನಗಲ್ಲಿನ ಸಂತೆಗೆ, ಹಿರೇಕೆರೂರಿನ ಸಂತೆಗೆ ಅವರ ವೀಳ್ಯದೆಲೆಯ ಬುಟ್ಟಿಗಳು ಒದ್ದೆ ಬಟ್ಟೆ ಸುತ್ತಿಕೊಂಡು ಅಪ್ಪನ ಬಸ್ಸಿನ ಮೇಲೆ ಹೋಗುತ್ತಿದ್ದವು. ಬಿಸಿಲು ಏರಿದಂತೆ ಚಾಚಾರ ಜೀವ ಬುಟ್ಟಿಯಲ್ಲಿ. ಡ್ರೈವರ್ ಹಿಂದಿನ ಸೀಟಿನಲ್ಲೇ ಕೂತು, "ಸ್ವಲ್ಪ ಜಲ್ದಿ ಬಿಡ್ರಿ ಡ್ರೈವರ್ ಸಾಹೇಬ್ರ, ಎಲಿ ಬಾಡತಾವು" ಅನ್ನುವರು. ಅಪ್ಪ ಕನ್ನಡಿಯಲ್ಲೇ ಅವರನ್ನು ನೋಡಿ, "ಎಲಿ ಬಾಡಿದ್ರ ನೀರು ಹೊಡೀಬಹುದು ಖಾದರಸಾಬ್ರ. ಗಟಾರಕ್ಕ ಬಿದ್ದ ಮಂದಿಗೆ ಏನ ಹೊಡೀತೀರಿ?" ಅನ್ನುವನು. ಹೀಗೆ ಜಗಳದಿಂದಲೇ ಶುರುವಾದ ಸ್ನೇಹ ಅದು. ಜಗಳದಲ್ಲೇ ಬೆಳೆಯಿತು ಕೂಡ.

ಒಂದು ದಿನ ಹಾನಗಲ್ಲಿನಲ್ಲಿ ಬಸ್ಸಿನ ಪಾಟಾ, ಅಂದರೆ ಗಾಲಿಯ ಮೇಲಿನ ಸ್ಪ್ರಿಂಗ್ ಪಟ್ಟಿ, ಮುರಿಯಿತು. ಮೆಕ್ಯಾನಿಕ್ ಬರುವುದು ತಡವಾಗುತ್ತದೆಂದು ಗೊತ್ತಾಗಿ, ಎಲೆ ಮಾರಿ ಮುಗಿಸಿದ್ದ ಚಾಚಾ ಅಪ್ಪನನ್ನು ಮಧ್ಯಾಹ್ನದ ಆಟಕ್ಕೆ ಎಳೆದುಕೊಂಡು ಹೋದರು. ಅದೇ ಆ ಪೈಲಟ್‌ನ ಮೊದಲನೆಯ ಸಿನಿಮಾ. ಅಪ್ಪನಿಗೆ ಹಿಂದಿ ಅಷ್ಟಕ್ಕಷ್ಟೆ. ಚಾಚಾ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಾ ಹೋದರು. ಅವರು ಇದ್ದದ್ದನ್ನು ಹೇಳಿದರೋ, ತಮಗೆ ಬೇಕಾದದ್ದನ್ನು ಸೇರಿಸಿ ಹೇಳಿದರೋ ಎಂಬ ಅನುಮಾನ ಅಪ್ಪನಿಗೆ ಇವತ್ತಿಗೂ ಇದೆ.

ಕಥೆಯ ಕೊನೆ ಮಾತ್ರ ಯಾವ ಭಾಷೆಯವರಿಗೂ ತಿಳಿಯುವಂಥದ್ದು. ಪೈಲಟ್ ವೈರಿಯ ವಿಮಾನವನ್ನು ಬೆನ್ನಟ್ಟಿ ದೊಡ್ಡದೊಂದು ಬಿಳಿ ಮೋಡದೊಳಗೆ ನುಗ್ಗುತ್ತಾನೆ. ಹೊರಗೆ ಬರುವುದಿಲ್ಲ. ಕೆಳಗೆ ಅವನ ಹೆಂಡತಿ ಅಂಗಳದಲ್ಲಿ ನಿಂತು ಆಕಾಶ ನೋಡುತ್ತಾಳೆ. ಪರದೆಯೆಲ್ಲ ಬೆಳ್ಳಗಾಗಿ ಸಿನಿಮಾ ಮುಗಿಯುತ್ತದೆ, ಅಷ್ಟೆ.

ಥೇಟರಿನ ಬಾಗಿಲು ದಾಟುವುದರೊಳಗೆ ಇಬ್ಬರೂ ಎರಡು ಪಾರ್ಟಿಯಾಗಿದ್ದರು. "ಸತ್ತ" ಎಂದ ಅಪ್ಪ. "ಬದುಕ್ಯಾನ" ಎಂದರು ಚಾಚಾ.

"ಘಾಟಿನಾಗ ಹೋದ ಬಸ್ಸು ಡಿಪೋಕ್ಕ ಬರಲಿಲ್ಲ ಅಂದ್ರ ಏನರ್ಥರಿ? ಹೋದಾಂವ ಹೋದ."

"ಹೆಣಾ ತೋರ್ಸ್ಯಾರೇನು? ಹೆಣಾ ಇಲ್ದ ಮಣ್ಣು ಕೊಡಾಕ ಆಕೈತೇನು? ಬದುಕ್ಯಾನ."

ಈ ಎರಡು ಮಾತನ್ನು ಅವರು ಎಷ್ಟು ವರ್ಷ ಆಡಿದರೆಂದರೆ, ನಾನು ಫ್ರಾಕಿನಿಂದ ಸೀರೆಗೆ ಬಂದೆ, ನೌಕರಿ ಸಿಕ್ಕಿ ಶಿಗ್ಗಾವಿಯ ಹೈಸ್ಕೂಲಿನಲ್ಲಿ ಟೀಚರಾದೆ, ಮದುವೆಯಾದೆ. ಅವರ ಪೈಲಟ್ ಮಾತ್ರ ಮೋಡದಲ್ಲೇ ಇದ್ದ. ಬಸ್ಸಿನ ಮಂದಿಯೂ ಸತ್ತ ಪಾರ್ಟಿ, ಬದುಕಿದ ಪಾರ್ಟಿ ಎಂದು ಹಂಚಿಹೋದರು. ಟಿಕೆಟ್ ಹರಿಯುವ ಕಂಡಕ್ಟರ್ ಇಬ್ಬರಿಗೂ ಹೌದೌದು ಅನ್ನುವ ಪಾರ್ಟಿ. ಒಮ್ಮೆ ಹಂಸಭಾವಿಯಲ್ಲಿ ಹತ್ತಿದ ಮುದುಕಿಯೊಬ್ಬಳು ಇವರ ವಾದ ಕೇಳುತ್ತಾ ಕೂತು, ಕಡೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಯಾರ ಪೈಕಿ ಹುಡುಗನೋ ಯಪ್ಪಾ? ಮನ್ಯಾಗ ಮಕ್ಕಳು ಮರಿ ಅದಾವೇನು?" ಎಂದು ಕೇಳಿದಳು. ಅದು ಸಿನಿಮಾ ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಮಕ್ಕಳಿಲ್ಲ ಎಂದಷ್ಟೇ ಅಪ್ಪ ಹೇಳಿದ.

ನಾನು ಯಾವ ಪಾರ್ಟಿಗೂ ಸೇರಿದವಳಲ್ಲ. ಮಾಸ್ತರಿಕೆ ಮಾಡುವವರ ಚಾಳಿ ನಿಮಗೆ ಗೊತ್ತಲ್ಲ, ಎರಡೂ ಉತ್ತರಕ್ಕೆ ಅರ್ಧರ್ಧ ಅಂಕ ಕೊಟ್ಟು ಆರಾಮವಾಗಿರುವುದು.

ಅವ್ವ ತೀರಿಕೊಂಡ ಮೇಲೆ ಅಪ್ಪ ನಮ್ಮ ಮನೆಗೆ ಬಂದ. ಬಂದವನು ಮಾತು ಬಿಟ್ಟ. ಸಿಟ್ಟಿಲ್ಲ, ಸೆಡವಿಲ್ಲ, ಕಣ್ಣೀರೂ ಇಲ್ಲ. ಕೇಳಿದ್ದಕ್ಕೆ ಹೂಂ, ಉಹೂಂ. ಎಷ್ಟೋ ವರ್ಷ ಹಾರ್ನಿನ ಮೇಲೆ ಕೈಯಿಟ್ಟು ಬದುಕಿದ ಮನುಷ್ಯ ಹೀಗೆ ಸದ್ದಿಲ್ಲದೆ ಕೂತದ್ದನ್ನು ನೋಡಿ ನನಗೆ ಹೆದರಿಕೆಯಾಗುತ್ತಿತ್ತು. ಅವ್ವನ ಹೆಸರನ್ನಂತೂ ಅವನೂ ಎತ್ತಲಿಲ್ಲ, ಅವನ ಮುಂದೆ ಎತ್ತುವುದು ನಮ್ಮಿಂದಲೂ ಆಗಲಿಲ್ಲ. ವಾರಕ್ಕೊಂದು ದಿನ, ಸವಣೂರಿನ ಸಂತೆಯ ದಿನ, ಬೆಳಗಿನ ಬಸ್ಸು ಹಿಡಿದು ಚಾಚಾರ ಅಂಗಡಿಗೆ ಹೋಗುತ್ತಿದ್ದ. ಅಲ್ಲಿ ಮಾತ್ರ ಅವನ ಬಾಯಿ ಬಿಚ್ಚುತ್ತಿತ್ತು. ನನಗದು ಗೊತ್ತಾದದ್ದು ಚಾಚಾರಿಂದ. "ಫಿಕರ್ ಮಾಡಬ್ಯಾಡ ಬೇಟಾ, ಇಲ್ಲಿ ಬಂದ್ರ ನಿಮ್ಮಪ್ಪ ಸತ್ತ ಸತ್ತ ಅಂತ ಪ್ಯಾಟಿಗೆಲ್ಲಾ ಕೇಳ್ಸೂಹಂಗ ಒದರ್ತಾರ" ಎಂದು ಫೋನಿನಲ್ಲಿ ನಕ್ಕಿದ್ದರು. ಆ ಒದರಾಟದ ಆಸರೆಗೆ ನಾನೂ ಒಂದು ವಾರದಿಂದ ಇನ್ನೊಂದು ವಾರಕ್ಕೆ ಉಸಿರು ಹಿಡಿದುಕೊಂಡು ಹೋಗುತ್ತಿದ್ದೆ.

ಹೀಗಿರುವಾಗ ಒಂದು ಮಧ್ಯಾಹ್ನ ಅಪ್ಪ ಬಸ್‌ಸ್ಟ್ಯಾಂಡಿನ ಕಡೆಯಿಂದ ಬಂದು, ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲಿ ನಿಂತ.

"ಬದುಕ್ಯಾನ" ಎಂದ.

ನನಗೆ ತಿಳಿಯಲಿಲ್ಲ. "ಯಾರಪಾ?"

"ಅಂವಾ. ಪೋಸ್ಟರ್ ಹಚ್ಯಾರ. ಗಡ್ಡಾ ಬೆಳ್ಳಗಾಗೇದ. ಬದುಕ್ಯಾನ."

ಹೇಳಿ ಒಳಗೆ ಹೋಗಿ ಮಲಗಿದ. ಈ ಸುದ್ದಿ ಚಾಚಾರ ಕಿವಿಗೆ ಬೀಳದಿರಲೆಂದು ನಾನು ದೇವರಿಗೆ ಕೈ ಮುಗಿದೆ. ಒಂದು ಸಿನಿಮಾಕ್ಕೆ ಇಷ್ಟೇಕೆ ಎಂದು ನೀವು ನಗಬಹುದು. ಆದರೆ ಆ ವಾದ ಮುಗಿದರೆ ಸವಣೂರಿನ ಅಂಗಡಿಯಲ್ಲೂ ಅಪ್ಪ ಹೂಂ, ಉಹೂಂ ಅನ್ನುವವನಾಗುತ್ತಾನೆ, ಆಮೇಲೆ ಅವನಿಗೆ ಮಾತಾಡಲು ಏನು ಉಳಿಯುತ್ತದೆ ಎಂಬುದೇ ನನ್ನ ಹೆದರಿಕೆ. ಎರಡನೆಯ ಭಾಗ ತೆಗೆಯಿರೆಂದು ಆ ಸಿನಿಮಾದವರಿಗೆ ಯಾರು ಅಡಿಕೆ ಕೊಟ್ಟು ಕರೆದಿದ್ದರೋ.

ನೋಡದೆ ಬಿಡುವ ಹಾಗೂ ಇರಲಿಲ್ಲ. ಅಪ್ಪ, ಚಾಚಾ, ನಾನು ಮೂವರೂ ಹುಬ್ಬಳ್ಳಿಗೆ ಹೋದೆವು. ಮೊಣಕಾಲು ನೋವಿನ ಚಾಚಾ ಥೇಟರಿನ ಮೆಟ್ಟಿಲಲ್ಲಿ ಅಪ್ಪನ ಹೆಗಲು ಹಿಡಿದುಕೊಂಡರು. ಪೈಲಟ್ ಮೋಡದಾಚೆ ಹಿಮದ ಹಳ್ಳಿಯೊಂದರಲ್ಲಿ ಬಿದ್ದಿದ್ದನಂತೆ. ಗುರುತು ಮರೆಸಿಕೊಂಡು ಇಷ್ಟು ವರ್ಷ ಕುರಿ ಕಾಯುತ್ತಿದ್ದನಂತೆ. ಆಮೇಲೆ ಮತ್ತೆ ವಿಮಾನ, ಮತ್ತೆ ವೈರಿ. ವಿಮಾನವೊಂದು ಎರಡು ಗುಡ್ಡಗಳ ನಡುವೆ ಪಲ್ಟಿ ಹೊಡೆದು ಹಾದಾಗ ಥೇಟರಿಗೆ ಥೇಟರೇ ಸೀಟಿ ಹೊಡೆಯಿತು. ಅಪ್ಪ ಮಾತ್ರ ಬಲಗಾಲಿನಿಂದ ನೆಲ ಒತ್ತಿ ಬ್ರೇಕ್ ಹಾಕಿದ್ದನ್ನು ನಾನು ನೋಡಿದೆ. ಹೊರಗೆ ಬಂದಾಗ ಹುಡುಗರೆಲ್ಲ ಸೂಪರ್, ಮಸ್ತ್ ಎನ್ನುತ್ತಿದ್ದರು. ನಮ್ಮ ಇಬ್ಬರು ಮಾತ್ರ ನೇರ ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು. ಬದುಕಿದ ಪಾರ್ಟಿ ಗೆದ್ದಿತ್ತು, ಆದರೆ ಗೆದ್ದವರ ಮುಖವೂ ಸೋತವರ ಹಾಗೇ ಇತ್ತು.

ಮುಂದಿನ ಸಂತೆಗೆ ಅಪ್ಪ, "ನೀನೂ ಬಾ" ಎಂದು ನನ್ನನ್ನು ಕರೆದ. ಯಾಕೆಂದು ನನಗೆ ಗೊತ್ತಿತ್ತು. ಚಾಚಾರ ಅಂಗಡಿಯಲ್ಲಿ ಒಂದು ರಿವಾಜು ಇದೆ. ವಾದದಲ್ಲಿ ಸೋತವನು ಬುಟ್ಟಿಯಿಂದ ಎಳೆಯ ಎಲೆಯೊಂದನ್ನು ತಾನೇ ಆರಿಸಿ, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ, ನಾಲ್ಕು ಮಂದಿಯ ಎದುರು ಗೆದ್ದವನ ಕೈಗೆ ಕೊಡಬೇಕು. ಗೆದ್ದವನು ಅದನ್ನು ಬಾಯಿಗೆ ಹಾಕಿಕೊಂಡನೆಂದರೆ ಆ ವಿಷಯ ಮುಗಿಯಿತು. ಮತ್ತೆ ಯಾರೂ ಅದನ್ನು ಎತ್ತುವಂತಿಲ್ಲ. ಅಣ್ಣತಮ್ಮಂದಿರ ಬದುವಿನ ತಂಟೆಗಳೂ ಹಾಗೆ ಅಲ್ಲಿ ನುಂಗಿಹೋಗಿವೆಯಂತೆ.

ಅಪ್ಪ ಅಂಗಡಿಯ ಕಟ್ಟೆಯ ಮೇಲೆ ಕೂತು ಎಲೆ ಆರಿಸಿದ. ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿದ. ಸಂತೆಗೆ ಬಂದಿದ್ದ ಹಳೆಯ ಗಿರಾಕಿಗಳು ಸುತ್ತ ನಿಂತರು.

"ತಗೋರಿ ಖಾದರಸಾಬ್ರ. ನೀವು ಗೆದ್ರಿ. ಬದುಕಿದ್ದ."

ಚಾಚಾ ಎರಡೂ ಕೈಯಲ್ಲಿ ಎಲೆ ಇಸಿದುಕೊಂಡರು. ಅದನ್ನೇ ನೋಡುತ್ತಾ ಕೂತರು. ನಾನು ಮನಸ್ಸಿನಲ್ಲೇ, ಬೇಡ ಚಾಚಾ, ಹಾಕಿಕೊಳ್ಳಬೇಡಿ ಎಂದು ಬೇಡಿಕೊಳ್ಳುತ್ತಿದ್ದೆ.

"ನಾ ತಿನ್ನೂದಿಲ್ಲ" ಎಂದರು ಚಾಚಾ.

"ಯಾಕ್ರಿ?"

"ಕುರಿ ಕಾಯಾಂವ ನಮ್ಮ ಹುಡುಗ ಅಲ್ರಿ. ಇಷ್ಟ ವರ್ಷ ಜೀವಂತ ಇದ್ದು, ಅಂಗಳದಾಗ ನಿಂತ ಹೇಣ್ತಿಗೆ ನಾ ಅದೇನಿ ಅಂತ ಒಂದು ಸುದ್ದಿ ಕಳಿಸಲಿಲ್ಲ. ನಮ್ಮ ಹುಡುಗ ಅಂಥಾಂವಲ್ಲ. ಇಂವ ಯಾವನೋ ಬ್ಯಾರೆ. ನಮ್ಮಾಂವ ಆವತ್ತ ಮೋಡದಾಗ ಸತ್ತಾನ. ನಿಮ್ಮ ಮಾತ ಖರೆ."

ಅಪ್ಪ ತಟ್ಟನೆ ಎದ್ದು ನಿಂತ. ಧೋತರದ ಚುಂಗು ಎಲೆಯ ಬುಟ್ಟಿಗೆ ಸಿಕ್ಕಿಕೊಂಡದ್ದೂ ಅವನಿಗೆ ಗೊತ್ತಾಗಲಿಲ್ಲ.

"ಏ, ಹೆಂಗ ಸತ್ತ ಅಂತೀರಿ? ಕಣ್ಣಾರೆ ನೋಡೇವಲ್ಲ! ಸುದ್ದಿ ಕಳಸೂ ಹಾದಿ ಇರಲಿಲ್ಲ ಅವಗ. ಹಿಮಾ ಬಿದ್ದಿತ್ತು. ಹಾದಿ ಇದ್ದಿದ್ರ ಬರ್ತಿದ್ದಿಲ್ಲೇನು? ಇಷ್ಟ ವರ್ಷ ಹೋದವರು ಬರೂದಿಲ್ಲ, ಬರೂದಿಲ್ಲ ಅಂತ ನಾನ ವಾದಾ ಮಾಡೇನಿ. ಮಾಡಿ ಏನ ಸುಖಾ ಕಂಡೆ? ಬರ್ತಾರ ಅನ್ನೂಣು ಬಿಡ್ರಿ! ಅಂದ್ರ ಯಾರಪ್ಪನ ಗಂಟ ಹೋಗತೈತಿ?"

ಪೇಟೆಯ ಆ ತುದಿಯವರೆಗೂ ಕೇಳಿಸಿತು. ಬಳೆ ಅಂಗಡಿಯವರು ಹಣಿಕಿ ನೋಡಿದರು. ಚಾಚಾ ಮಡಚಿದ ಎಲೆಯನ್ನು ಬಿಚ್ಚಿ, ಅಡಿಕೆಯನ್ನು ಡಬ್ಬಿಗೆ ಹಾಕಿ, ಸುಣ್ಣವನ್ನು ಬಟ್ಟೆಗೆ ಒರೆಸಿ, "ಮುಂದಿನ ಸಂತಿಗೆ ನೋಡೂಣು" ಎಂದರು. ಆಗ ಅವರು ನನ್ನ ಕಡೆ ನೋಡಿದರು. ಬೇಕೆಂದೇ ಪಾರ್ಟಿ ಬದಲಿಸಿದ್ದರು ಎಂದು ಆ ನೋಟದಲ್ಲೇ ನನಗೆ ತಿಳಿಯಿತು. ಇಷ್ಟು ವರ್ಷ ತಾವು ಕೂತ ಜಾಗದಿಂದ ಎದ್ದು, ಅದನ್ನು ಅಪ್ಪನಿಗೆ ಬಿಟ್ಟುಕೊಟ್ಟಿದ್ದರು. ಸಂತೆಯ ನಡುವೆ ನಿಂತು ನಾನು ಅತ್ತೆ. ಅಕ್ಕಪಕ್ಕದವರು ಮೆಣಸಿನಕಾಯಿ ಘಾಟು ಅಂದುಕೊಂಡಿರಬೇಕು.

ವಾಪಸ್ ಬರುವಾಗ ಅಪ್ಪ ಕಿಟಕಿಯ ಪಕ್ಕ ಕೂತಿದ್ದ. ಸವಣೂರು ದಾಟಿ, ಗೋವಿನಜೋಳದ ಹೊಲಗಳು ಶುರುವಾದವು. ಒಮ್ಮೆಲೇ ನನ್ನ ಕಡೆ ತಿರುಗಿದ.

"ನಿಮ್ಮವ್ವ ಏನಂತಿದ್ಲು ಗೊತ್ತೈತೇನ?"

ಅವ್ವ ಹೋದ ಮೇಲೆ ಅವಳ ಸುದ್ದಿ ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

"ಆ ಸಿನಿಮಾ ಟೀವ್ಯಾಗ ಬಂದಾಗ ನಿಮ್ಮವ್ವಗ ತೋರಿಸಿದ್ದೆ. ನೋಡಿಲ್ಲಿ, ಸತ್ತಾನೋ ಬದುಕ್ಯಾನೋ ನೀನ ಹೇಳು ಅಂದೆ. ಅದಕ್ಕ ಆಕಿ, ಅದೆಲ್ಲಾ ನನಗ ಗೊತ್ತಿಲ್ಲ, ಹೇಣ್ತಿ ತಾಟು ಹಚ್ಚಿಟ್ಟಿದ್ಲು, ಈ ಮೂಳ ಉಣ್ಣದ ಎದ್ದು ಹೋದ, ಅದ ತಪ್ಪು ಅಂದ್ಲು."

ಹೇಳಿ ನಕ್ಕ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ನಾನು ಅವನ ಕೈ ಹಿಡಿದುಕೊಂಡೆ. ಶಿಗ್ಗಾವಿ ಬರುವವರೆಗೂ ಅವನು ಅವ್ವನ ಬಗ್ಗೆಯೇ ಮಾತಾಡಿದ. ಅವಳು ಬಸ್ಸಿನ ಊಟದ ಡಬ್ಬಿಗೆ ಕಟ್ಟುತ್ತಿದ್ದ ಗಂಟು, ಅವನ ಖಾಕಿಯ ಗುಂಡಿ ಹೊಲಿಯುವಾಗ ಹಲ್ಲಿನಿಂದ ದಾರ ಕಡಿಯುತ್ತಿದ್ದದ್ದು, ಜ್ವರ ಬಂದರೂ ಡ್ಯೂಟಿಗೆ ಹೋಗುತ್ತೇನೆಂದಾಗ ಬಾಗಿಲಿಗೆ ಅಡ್ಡ ನಿಂತದ್ದು.

ಮೊಬೈಲ್ ಬದಿಗಿಟ್ಟು, ಚಹಾ ಉಕ್ಕಿದ ಒಲೆ ಒರೆಸಿ, ಹೊಸದಾಗಿ ನೀರಿಟ್ಟೆ. ಅಷ್ಟರಲ್ಲಿ ಅಪ್ಪ ಇಸ್ತ್ರಿಯ ಅಂಗಿ ಹಾಕಿಕೊಂಡು, ತಲೆಗೆ ಎಣ್ಣೆ ಹಚ್ಚಿಕೊಂಡು ಹೊರಬಾಗಿಲಿಗೆ ಬಂದಿದ್ದ. ಇವತ್ತು ಸಂತೆ. ಮೋಡದ ಆ ಕಡೆ ಬಿದ್ದವನು ವಿಮಾನದ ಗ್ಲಾಸು ಹೆಂಗೆ ಒಡೆದುಕೊಂಡು ಹೊರಗೆ ಬಂದಿರಬಹುದು ಎಂಬುದಕ್ಕೆ ಹೊಸ ಪಾಯಿಂಟೊಂದು ಸಿಕ್ಕಿದೆಯಂತೆ.

"ರೊಟ್ಟಿ ಬಡದೇನಿ, ಉಂಡು ಹೋಗಪಾ" ಎಂದೆ.

"ಬಸ್ಸು ಹೋಗತೈತಿ."

"ಹೋದ್ರ ಹೋಗಲಿ."

ಹೊಸ್ತಿಲಲ್ಲಿ ನಿಂತು ನನ್ನ ಮುಖ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ತಾಟಿನ ಮುಂದೆ ಕೂತ.