ದೀಪದ ಗೂಡಿನಲ್ಲಿ ಮದುವೆಯ ಸೀರಿಯಲ್ ಸೆಟ್

“ಅತ್ತೀ, ನೀರು ಹಾಕಬ್ಯಾಡ್ರೀ!”

ಮದುವೆಯಾಗಿ ಹದಿನೈದು ವರ್ಷದಲ್ಲಿ ಅತ್ತೆಯ ಮೇಲೆ ನಾನು ದನಿ ಏರಿಸಿದ್ದು ಅದೊಂದೇ ಸಲ. ಅವರ ಕೈಯಲ್ಲಿ ತುಂಬಿದ ಕೊಡ. ಕಾಲಲ್ಲಿ ಚಪ್ಪಲಿ ಇಲ್ಲ. ಎದುರಿಗೆ ಗೋಡೆಯ ಗೂಡಿನಲ್ಲಿ ಕ್ರಿಸ್‌ಮಸ್ ಅಲಂಕಾರ ಧಗಧಗ ಉರಿಯುತ್ತಿದೆ. ಉರಿಯ ನಡುವೆ ಇನ್ನೂ ಕರೆಂಟು ಹರಿಯುತ್ತಿರುವ ಸೀರಿಯಲ್ ಸೆಟ್, ಬಣ್ಣದ ಬಲ್ಬುಗಳ ಸರ. ಆ ಕೊಡ ಬಗ್ಗಿದ್ದರೆ?

ಹತ್ತು ದಿನವಾಯಿತು. ರೊಟ್ಟಿ ಬಡಿಯುವಾಗ ಕಣ್ಣ ಮುಂದೆ ಆ ಕೊಡ ಬಗ್ಗುತ್ತದೆ. ಕೂಡ್ಲಿಗಿ ಬಸ್ಸಿನ ಕಿಟಕಿ ಪಕ್ಕ ಕೂತರೆ ಬಗ್ಗುತ್ತದೆ. ಕಳೆದ ವಾರ ಅಂಕಣ ಯಾಕಿರಲಿಲ್ಲ ಎಂದು ಕೇಳಿದವರಿಗೆ (ಇಬ್ಬರೇ ಕೇಳಿದ್ದು, ಇರಲಿ) ಇದೇ ಉತ್ತರ. ಪೆನ್ನು ಹಿಡಿದರೂ ಅದೇ ಕೊಡ. ಈಗ ಸಿಟ್ಟು ಬಂದಿದೆ.

ಮೊದಲು ಸಿಸ್ಟರಮ್ಮನ ಪರಿಚಯ ಹೇಳಿಬಿಡುತ್ತೇನೆ. ಕೊಟ್ಟೂರಿನ ನಮ್ಮ ಮನೆಯ ಮುಂಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಬಾಡಿಗೆಗೆ ಇರುವವರು. ಬಳ್ಳಾರಿ ಕಡೆಯ ಕ್ರೈಸ್ತ ಮನೆತನ, ನಿವೃತ್ತ ನರ್ಸ್. ನಮ್ಮ ಓಣಿಯ ಅರ್ಧ ಜನ ಅವರ ಕೈಯಲ್ಲಿ ಹುಟ್ಟಿದವರು. ಉಳಿದರ್ಧ ಅವರ ಕೈಯಲ್ಲಿ ಸೂಜಿ ಚುಚ್ಚಿಸಿಕೊಂಡು ಅತ್ತವರು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಪ್ರತಿ ಡಿಸೆಂಬರಿನಲ್ಲಿ ಅವರು ತಮ್ಮ ಪಡಸಾಲೆಯಲ್ಲಿ ಗೋದಲಿ ಕಟ್ಟುತ್ತಾರೆ. ಯೇಸು ಹುಟ್ಟಿದ ದನದ ಕೊಟ್ಟಿಗೆಯ ಪುಟ್ಟ ರೂಪ ಅದು. ಓಣಿಯ ಮಕ್ಕಳೆಲ್ಲ ನೋಡಲು ಬರುತ್ತಾರೆ, ಕೇಕ್ ತಿಂದು ಹೋಗುತ್ತಾರೆ. (ಕೆಲವರು ನೋಡದೆಯೂ ತಿಂದು ಹೋಗುತ್ತಾರೆ.)

ಆ ಗೋದಲಿಯಲ್ಲಿ ಅಂಗಡಿಯಿಂದ ತಂದ ಹೊಸ ವಸ್ತು ಒಂದೂ ಇರುವುದಿಲ್ಲ. ಅದೇ ಅದರ ಚೆಂದ. ಖಾಲಿ ಇಂಜೆಕ್ಷನ್ ಬಾಟಲಿಗಳಿಗೆ ಬಣ್ಣದ ನೀರು ತುಂಬಿ, ದಾರ ಕಟ್ಟಿ ತೂಗುಬಿಡುತ್ತಾರೆ. ಮಾತ್ರೆಯ ಬೆಳ್ಳಿ ಹಾಳೆಯಿಂದ ನಕ್ಷತ್ರ. ಕೊಟ್ಟಿಗೆಯ ಮಾಡಿಗೆ ಹಡಗಲಿ ಕಡೆಯಿಂದ ತಂದ ಭತ್ತದ ಹುಲ್ಲು. ಹಸುಗಳು? ನಮ್ಮತ್ತೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿ, ಪೂಜೆ ಮುಗಿದ ಮೇಲೆ ಕೊಟ್ಟ ಮಣ್ಣಿನ ಎತ್ತುಗಳು. ಬೆತ್ಲೆಹೇಮಿನ ಕೊಟ್ಟಿಗೆಯಲ್ಲಿ ನಮ್ಮ ಜೋಡೆತ್ತು, ಕೊಂಬಿಗೆ ಗುಲಗಂಜಿ ಸಮೇತ!

ನಟ್ಟನಡುವೆ ಬಾಲಯೇಸು. ಸಿಸ್ಟರಮ್ಮನ ಗಂಡ ಮದುವೆಯಾದ ವರ್ಷ ಬಳ್ಳಾರಿಯಿಂದ ತಂದ ಪ್ಲಾಸ್ಟರ್ ಗೊಂಬೆ. ಯಾವಾಗಲೋ ಅದರ ಬಲಗೈ ಮುರಿದಿತ್ತು. ನರ್ಸಮ್ಮ ಸುಮ್ಮನಿರುತ್ತಾರೆಯೇ? ಆಸ್ಪತ್ರೆಯಲ್ಲಿ ಮೂಳೆ ಮುರಿದವರಿಗೆ ಹಾಕುವಂತೆ ಬಿಳಿ ಪಟ್ಟಿ ಸುತ್ತಿ ಕೂಡಿಸಿದ್ದಾರೆ.

ಇದೆಲ್ಲ ಇಲ್ಲಿಯ ತನಕ ಸ್ಟೂಲಿನ ಮೇಲೆ ಇರುತ್ತಿತ್ತು. ಈ ಸಲ ನಮ್ಮತ್ತೆಯದೊಂದು ಐಡಿಯಾ.

“ಸಿಸ್ಟರವ್ವಾ, ದೀಪದ ಗೂಡು ಖಾಲಿ ಐತಲ್ಲ. ಅದ್ರಾಗ ಇಡು. ದೇವರಿದ್ದ ಜಾಗ, ದೇವರಿಗೇ ಇರ್ಲಿ.”

ಮಾತು ಎಷ್ಟು ಚೆಂದ! ಆದರೆ ಅವರ ಪಡಸಾಲೆಯ ಆ ಗೂಡು ನಮ್ಮತ್ತೆಯ ಅತ್ತೆಯ ಕಾಲದಿಂದ ಹರಳೆಣ್ಣೆ ದೀಪ ಉರಿದ ಗೂಡು. ತಳದ ಹಲಗೆ ಎಣ್ಣೆ ಕುಡಿದು ಕುಡಿದು ಎಮ್ಮೆಯ ಬೆನ್ನಿನಂತೆ ಕಪ್ಪಗೆ ಮಿರುಗುತ್ತದೆ. ಅದರ ಮೇಲೆ ಹುಲ್ಲು. ಹುಲ್ಲಿನ ಮೇಲೆ ಹಿಮ ಬೇಕೆಂದು ಹತ್ತಿ. (ಕೊಟ್ಟೂರಿನಲ್ಲಿ ಹಿಮ ಕಂಡವರು ಯಾರಿದ್ದಾರೆ? ಆದರೂ ಬೀಳಲೇಬೇಕು.) ಹತ್ತಿಯ ನಡುವೆ ಸೀರಿಯಲ್ ಸೆಟ್. ಹೀಗೆ ಒಂದರ ಮೇಲೊಂದು ಪೇರಿಸಿದ್ದಕ್ಕೆ ಅಲಂಕಾರ ಎನ್ನುತ್ತಾರೋ ಒಲೆ ಹೂಡುವುದು ಎನ್ನುತ್ತಾರೋ ನೀವೇ ಹೇಳಿ.

ಆ ಸೀರಿಯಲ್ ಸೆಟ್ ನನ್ನ ಮದುವೆಯ ಚಪ್ಪರಕ್ಕೆ ಹಾಕಿದ್ದು. ಆಮೇಲೆ ಅದು ಹದಿನೈದು ಗಣಪತಿಗಳನ್ನೂ ಎರಡು ಗೃಹಪ್ರವೇಶಗಳನ್ನೂ ಕಂಡಿದೆ. ಮೂರು ಕಡೆ ಇಲಿ ಕಡಿದಿದೆ. ಹೋದ ವರ್ಷ ನಾನೇ ಅದನ್ನು ಕಸದ ಡಬ್ಬಿಗೆ ಹಾಕಿದ್ದೆ. ಕಸದ ಗಾಡಿ ಬರುವಷ್ಟರಲ್ಲಿ ಅತ್ತೆ ಎತ್ತಿಟ್ಟಿದ್ದರು.

“ನಿನ್ನ ಮದಿವ್ಯಾಗಿನ ಸರ ಅದು! ಒಗಿಯಾಕ ಮನಸ್ಸರ ಹೆಂಗ ಬರ್ತೈತಿ ನಿನಗ?”

ಆ ಸರವೇ ಈ ಡಿಸೆಂಬರಿನಲ್ಲಿ ಸಿಸ್ಟರಮ್ಮನಿಗೆ ಪ್ರೀತಿಯ ಉಡುಗೊರೆಯಾಗಿ ಹೋಯಿತು. ತುದಿಯಲ್ಲಿ ಪ್ಲಗ್ ಇಲ್ಲ. ಎರಡು ಬೋಳು ವೈರುಗಳನ್ನು ಸಾಕೆಟ್ಟಿಗೆ ತುರುಕಿ, ಬಿದ್ದುಹೋಗದಂತೆ ಎರಡು ಬೆಂಕಿಕಡ್ಡಿ ಸಿಕ್ಕಿಸಿದ್ದರು. ನಗಬೇಡಿ. ನಿಮ್ಮ ಮನೆಯಲ್ಲಿ ಒಮ್ಮೆಯೂ ಹೀಗೆ ಮಾಡಿಲ್ಲವೇ?

ನಾನು ನೋಡಿದೆ. ಹೇಳಿದೆ ಕೂಡ. “ಅತ್ತಿ, ಇದು ಸರಿ ಅಲ್ರಿ. ಒಂದು ಪ್ಲಗ್ ಹಾಕ್ಸೋಣು.”

“ಏನೂ ಆಗಂಗಿಲ್ಲ ಸುಮ್ನಿರು. ಹದಿನೈದು ವರ್ಷ ಆಗದ್ದು ಇವತ್ತ ಆಗತೈತೇನು?”

ಸಿಸ್ಟರಮ್ಮನೂ ನನ್ನನ್ನು ತೋರಿಸಿ ನಕ್ಕರು. “ನಮ್ಮ ಶೈಲಾಗ ಬಿ.ಎಸ್ಸಿ. ಮಾಡಿದಾಗಿಂದ ಬರೀ ಅಂಜಿಕಿ ನೋಡ್ರಿ ಅಕ್ಕಾರ.”

ಇಬ್ಬರೂ ನಕ್ಕರು. ನಾನೂ ನಕ್ಕೆ. ಹೌದು, ನಾನೂ. ಹತ್ತು ದಿನದಿಂದ ನನ್ನನ್ನು ಹೆಚ್ಚು ಕಾಡುತ್ತಿರುವುದು ಆ ನಗುವೇ.

ಸಂಜೆ ಆರೂವರೆ. ಕರೆಂಟು ಹೋಗಿತ್ತು, ಬಂತು. ಗೂಡೆಲ್ಲ ಕೆಂಪು, ಹಸಿರು. ಇಂಜೆಕ್ಷನ್ ಬಾಟಲಿಗಳು ಮಿನುಗಿದವು. ಅತ್ತೆ “ಅಬ್ಬಬ್ಬಾ!” ಎಂದರು. ಆಮೇಲೆ ರಬ್ಬರ್ ಸುಟ್ಟಂಥದ್ದೇನೋ ವಾಸನೆ. ಹಿಮದೊಳಗಿಂದ ಒಂದೆಳೆ ಹೊಗೆ. ಬಾಯಿ ತೆರೆಯುವಷ್ಟರಲ್ಲಿ ಹತ್ತಿ ಭಗ್ ಎಂದಿತು, ಹುಲ್ಲು ಹೊತ್ತಿಕೊಂಡಿತು, ಹಲಗೆ ತಾನು ಕುಡಿದ ಎಣ್ಣೆಯನ್ನೆಲ್ಲ ಕಕ್ಕತೊಡಗಿತು.

ಅತ್ತೆ ಕೊಡ ಎತ್ತಿದರು. ನಾನು ಕಿರುಚಿದೆ. ಕೊಡ ಅಲ್ಲೇ ನಿಂತಿತು. ಅಷ್ಟರಲ್ಲಿ ಸಿಸ್ಟರಮ್ಮ ಏನು ಮಾಡಿದರು ಗೊತ್ತೇ?

ಉರಿಯೊಳಗೆ ಕೈ ಹಾಕಿದರು!

ಕರಗುತ್ತಿರುವ ವೈರಿನ ಕೆಳಗೆ, ಬಲಗೈ ಮೊಣಕೈವರೆಗೆ. ಅವರ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಹಿಮ್ಮಡಿ ನೋವೆಂದು ಆ ವಾರವಷ್ಟೇ ಮನೆಯೊಳಗೂ ಹಾಕತೊಡಗಿದ್ದರು. ನೋವು ಒಂದು ವಾರ ತಡವಾಗಿ ಬಂದಿದ್ದರೆ? ಬರಿಗಾಲಲ್ಲಿ ಇದ್ದಿದ್ದರೆ?

ಇನ್ನು ಬಿ.ಎಸ್ಸಿ. ಮಾಡಿದವಳು? ಮೇನ್ ಸ್ವಿಚ್ ನಮ್ಮ ಭಾಗದಲ್ಲಿ, ಹದಿನೈದು ಹೆಜ್ಜೆ ದೂರ. ನನಗೆ ಎಲ್ಲವೂ ಗೊತ್ತಿತ್ತು. ಕಾಲು ಮಾತ್ರ ಏಳಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆ? ಐದು ಎಣಿಸುವಷ್ಟೇ ಇರಬೇಕು. ಈಗಲೂ ದಿನಕ್ಕೆ ನೂರು ಸಲ ಆ ಐದನ್ನು ಎಣಿಸುತ್ತೇನೆ. ಆಮೇಲೆ ಓಡಿದೆ. ಮೇನ್ ಎಳೆದೆ. ಇಡೀ ಮನೆ ಕತ್ತಲಾಯಿತು.

ಮುಂಭಾಗದಿಂದ ಅತ್ತೆಯ ಕೂಗು ಕೇಳಿತು. “ಈಗ ಯಾಂವ ಲೇ ಕರೆಂಟ್ ತಗದಾಂವ? ಬೆಂಕಿ ಆರಸೂದ ಬಿಟ್ಟು!”

ಆದರೂ ಒಂದು ಮಾತು ಒಪ್ಪಲೇಬೇಕು. ಬೆಂಕಿ ಆರಿಸಿದ್ದು ಅವರೇ. ನಾನು ಟಾರ್ಚ್ ಹಿಡಿದು ಓಡಿ ಬರುವಷ್ಟರಲ್ಲಿ ಮಂಚದ ಮೇಲಿದ್ದ ಕರಿ ಕಂಬಳಿ ಎಳೆದು ಗೂಡಿಗೆ ಒತ್ತಿ ಹಿಡಿದಿದ್ದರು. ಉಣ್ಣೆ ಸುಲಭಕ್ಕೆ ಉರಿಯುವುದಿಲ್ಲವೆಂದು ಅವರಿಗೆ ಯಾವ ಕಾಲೇಜೂ ಹೇಳಿಕೊಟ್ಟಿಲ್ಲ. ಹೊಗೆಯೊಳಗಿಂದಲೇ ನನ್ನತ್ತ ತಿರುಗಿ ಕೇಳಿದರು. “ಈಗರ ನೀರು ಹಾಕ್ಲೇನವಾ, ಓದಿದಾಕಿ?”

ಟಾರ್ಚ್ ಬೆಳಕಿನಲ್ಲಿ ನೋಡಿದರೆ ಸಿಸ್ಟರಮ್ಮ ನೆಲಕ್ಕೆ ಕುಸಿದು ಕೂತಿದ್ದಾರೆ. ಮಡಿಲಲ್ಲಿ ಮಸಿ ಹಿಡಿದ ಬಾಲಯೇಸು. ಅಂಗೈಯಿಂದ ಮೊಣಕೈವರೆಗೆ ಚರ್ಮ ಎದ್ದಿದೆ. ನನಗೆ ಅಳು ಬರಲಿಲ್ಲ, ರೇಗಿತು.

“ಅದು ಪ್ಲಾಸ್ಟರ್ ಗೊಂಬಿರಿ ಸಿಸ್ಟರಮ್ಮ! ಅದು ಸುಡಂಗಿಲ್ಲ. ನಿಮ್ಮ ಕೈ ಸುಡತೈತಿ. ನರ್ಸ್ ಆಗಿ ಅಷ್ಟೂ ಗೊತ್ತಿಲ್ಲೇನ್ರಿ?”

ಅವರು ಗೊಂಬೆಯ ಮುಖವನ್ನು ಸೆರಗಿನಿಂದ ಒರೆಸುತ್ತಲೇ ಹೇಳಿದರು. “ಗೊತ್ತಿತ್ತವಾ. ಆದ್ರ ಕೂಸು ಒಳಗಿತ್ತಲ್ಲ.”

ಇದಕ್ಕೆ ಏನು ಹೇಳುತ್ತೀರಿ?

ಸುದ್ದಿ ತಿಳಿದು ಓಣಿಯವರೆಲ್ಲ ಬಂದರು. ಬೇರೆ ಬೇರೆ ಮನೆಯವರು, ಮಾತು ಮಾತ್ರ ಒಂದೇ. “ಸದ್ಯ, ಏನೂ ಆಗ್ಲಿಲ್ಲಲ್ಲ!” ಮೊಣಕೈವರೆಗೆ ಸುಟ್ಟಿದೆ, ಏನೂ ಆಗಲಿಲ್ಲವಂತೆ! ಆಗುವ ಮುಂಚೆ “ಏನೂ ಆಗಂಗಿಲ್ಲ”, ಆದ ಮೇಲೆ “ಏನೂ ಆಗ್ಲಿಲ್ಲ”. ಈ ಎರಡು ಮಾತಿನ ನಡುವೆಯೇ ಅಲ್ಲವೇ ನಮ್ಮ ಸಂಸಾರಗಳು ನಡೆಯುತ್ತಿರುವುದು? ಬಕೆಟ್ಟಿನಲ್ಲಿ ಕರೆಂಟಿನ ಕಾಯಿಲ್ ಹಾಕಿ ನೀರು ಬಿಸಿಯಾಯಿತೇ ಎಂದು ಬೆರಳದ್ದಿ ನೋಡುತ್ತೇವೆ. ಮುಟ್ಟಿದರೆ ಜುಮ್ಮೆನ್ನುವ ಫ್ರಿಜ್ಜಿನ ಮುಂದೆ ಗೋಣಿಚೀಲ ಹಾಸುತ್ತೇವೆ. ರಿಪೇರಿಯವನನ್ನು ಕರೆಯುವುದಿಲ್ಲ. ಚೀಲ ಹಾಸಿದ ಮೇಲೆ ರಿಪೇರಿ ಯಾಕೆ?

ಹಳೆಯದನ್ನೆಲ್ಲ ಬಿಸಾಡಿ ಎಂದು ನಾನು ಹೇಳುತ್ತಿಲ್ಲ. ಆ ಇಂಜೆಕ್ಷನ್ ಬಾಟಲಿಗಳು ನನಗೂ ಇಷ್ಟ. ಆ ಎತ್ತುಗಳು (ಬೆಂಕಿಯಲ್ಲಿ ಬೆಂದು ಮೊದಲಿಗಿಂತ ಗಟ್ಟಿಯಾಗಿವೆ) ಮುಂದಿನ ವರ್ಷವೂ ಇರಲಿ. ನೆನಪಿಗೆ ಬಾಟಲಿ ಸಾಲದೇ, ಎತ್ತು ಸಾಲದೇ? ಇಲಿ ಕಡಿದ ವೈರೂ ಬೇಕೇ?

ಕ್ರಿಸ್‌ಮಸ್ ದಿನ ಸಿಸ್ಟರಮ್ಮ ಬಲಗೈಗೆ ಬ್ಯಾಂಡೇಜ್ ಕಟ್ಟಿಕೊಂಡು ಎಡಗೈಯಿಂದ ಮಕ್ಕಳಿಗೆ ಕೇಕ್ ಹಂಚಿದರು. ಗೋದಲಿ ಮತ್ತೆ ಸ್ಟೂಲಿಗೆ ಬಂದಿತ್ತು, ಪಕ್ಕದಲ್ಲೊಂದು ಮೇಣದಬತ್ತಿ. (ಮೇಣದಬತ್ತಿ! ಇದಕ್ಕೂ ನಾನೇ ಬಾಯಿ ಬಿಡಬೇಕಾಯಿತು.) ನಮ್ಮತ್ತೆ ಗೊಂಬೆಯನ್ನೊಮ್ಮೆ, ಅವರನ್ನೊಮ್ಮೆ ನೋಡಿ, “ಕೂಸಿಗೂ ನಿನಗೂ ಒಂದ ಕೈಗೆ ಪಟ್ಟಿ ಆತಲ್ಲ ಸಿಸ್ಟರವ್ವಾ” ಎಂದರು. ಇಬ್ಬರೂ ಮತ್ತೆ ನಕ್ಕರು. ಈ ಸಲ ನಾನು ನಗಲಿಲ್ಲ. ಒಳಗೆ ಹೋಗಿ, ಸುಟ್ಟು ಉಳಿದ ಸೀರಿಯಲ್ ಸೆಟ್ಟಿನ ಬಲ್ಬುಗಳನ್ನು ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ, ವೈರನ್ನು ಸುತ್ತಿ, ನನ್ನ ಕೈಯಾರೆ ಕಸಕ್ಕೆ ಹಾಕಿದೆ. ಈ ಸಲ ಅದರ ಕಥೆ ಮುಗಿಯಿತು ಎಂದುಕೊಂಡೆ.

ಇಂದು ಬೆಳಿಗ್ಗೆ ಇದನ್ನು ಬರೆಯಲು ಕೂತು ಕಿಟಕಿಯ ಹೊರಗೆ ನೋಡಿದೆ. ಹಿತ್ತಲಲ್ಲಿ ಬಟ್ಟೆ ಒಣಹಾಕಲು ಹೊಸದೊಂದು ತಂತಿ ಕಟ್ಟಿದ್ದಾರೆ. ಅಲ್ಲಲ್ಲಿ ಕಪ್ಪಗೆ ಸುಟ್ಟ ಗುರುತು, ಮೂರು ಕಡೆ ಇಲಿ ಕಡಿದ ಗಾಯ. ಅದರ ಮೇಲೆ ನನ್ನದೇ ಹಸಿ ಸೀರೆ.

“ಅತ್ತೀ!” ಎಂದೆ.

“ಈಗ ಅದ್ರಾಗ ಕರೆಂಟ್ ಎಲ್ಲೈತಿ? ಏನೂ ಆಗಂಗಿಲ್ಲ” ಎಂದರು, ನನ್ನ ಸೀರೆಯ ನೀರು ಹಿಂಡುತ್ತ.

ಸರಿ, ಕರೆಂಟಿಲ್ಲ. ಆದರೆ ತಂತಿಯ ಒಂದು ತುದಿಯನ್ನು ಬೇವಿನ ಮರಕ್ಕೆ ಬಿಗಿದಿದ್ದಾರೆ. ಇನ್ನೊಂದು ತುದಿ ಎಲ್ಲಿದೆ ಗೊತ್ತೇ? ಕರೆಂಟಿನ ಮೀಟರಿಗೆ ಹೋಗುವ ಕಬ್ಬಿಣದ ಪೈಪಿಗೆ!