ಕಳ್ಳನಿದ್ದೆಯ ಗುರುತು

ಯಲ್ಲಾಪುರದಲ್ಲಿ ನಾನು ಅಂಗನವಾಡಿ ಟೀಚರು. ಮಧ್ಯಾಹ್ನದ ಊಟ ಮುಗಿದ ಮೇಲೆ ಚಾಪೆ ಹಾಸಿ ಹದಿನೆಂಟು ಮಕ್ಕಳನ್ನು ಮಲಗಿಸುವುದು ನನ್ನ ಕೆಲಸ. ಯಾವ ಮಗುವಿಗೆ ನಿಜವಾಗಿ ನಿದ್ದೆ ಹತ್ತಿದೆ, ಯಾವುದು ಕಳ್ಳನಿದ್ದೆ ಮಾಡುತ್ತಿದೆ ಎಂದು ಬಾಗಿಲಲ್ಲಿ ನಿಂತೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಕಳ್ಳನಿದ್ದೆಯವರು ಕಣ್ಣನ್ನು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಾರೆ, ರೆಪ್ಪೆ ಅಲುಗಾಡುತ್ತಿರುತ್ತದೆ, ತುಟಿ ಬಿಗಿದಿರುತ್ತದೆ. ನಿಜವಾಗಿ ಮಲಗಿದ ಮಗುವಿನ ಬಾಯಿ ಒಂದಿಷ್ಟು ತೆರೆದಿರುತ್ತದೆ, ಮುಷ್ಟಿ ತಾನಾಗಿ ಸಡಿಲವಾಗುತ್ತದೆ. ಊಟಕ್ಕೆ ಕೂತಾಗ ಇದನ್ನೆಲ್ಲ ಮಗಳಿಗೆ ಅಭಿನಯಿಸಿ ತೋರಿಸುತ್ತಿದ್ದೆ. ಅವಳು ತುತ್ತು ಕೈಯಲ್ಲೇ ಹಿಡಿದುಕೊಂಡು ನಗುತ್ತಿದ್ದಳು.

ಅವಳಿಗೆ ಎಂಟು ತುಂಬುವ ಹೊತ್ತಿಗೆ ಮೊಣಕಾಲು ಬಾತುಕೊಂಡಿತು. ಆಮೇಲೆ ಮಣಿಕಟ್ಟು, ಬೆರಳಿನ ಗಂಟುಗಳು. ಎಲ್ಲೋ ಬಿದ್ದಿರಬೇಕೆಂದು ಎಣ್ಣೆ ತಿಕ್ಕಿ ಬಿಸಿನೀರು ಹಾಕಿದೆ. ಹುಬ್ಬಳ್ಳಿಯ ಡಾಕ್ಟರು ಸಂಧಿವಾತ ಎಂದಾಗ ಅವರ ಮೇಲೆಯೇ ರೇಗಿದೆ. ಅದು ಮುದುಕರ ಕಾಯಿಲೆ, ಸರಿಯಾಗಿ ನೋಡಿ ಎಂದೆ.

"ಮಕ್ಕಳಿಗೂ ಬರ್ತೈತ್ರಿ," ಎಂದರು ಅವರು, ಒಂದಿಷ್ಟೂ ಸಿಟ್ಟಾಗದೆ.

ಮೊದಲ ಕೆಲವು ತಿಂಗಳು ಅವಳು ರಾತ್ರಿಯಿಡೀ ಕರೆಯುತ್ತಿದ್ದಳು. "ಆಯಿ, ನಿದ್ದೆ ಬತ್ತಿಲ್ಲೆ." ಮೊಣಕಾಲಿನ ಕೆಳಗೆ ದಿಂಬು ಇಡಬೇಕು, ಮಗ್ಗುಲು ಬದಲಿಸಬೇಕು, ಬಿಸಿನೀರಿನ ಚೀಲ ತುಂಬಿ ತರಬೇಕು. ಅದು ತಣ್ಣಗಾಗುವಷ್ಟರಲ್ಲಿ ಮತ್ತೆ ಕರೆಯುತ್ತಿದ್ದಳು. ನಮ್ಮವರು ಲಾರಿ ಓಡಿಸುವವರು, ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ನಾನೊಬ್ಬಳೇ ಏಳುತ್ತಿದ್ದೆ, ಬೆಳಗ್ಗೆ ಕೆಲಸಕ್ಕೆ ಓಡುತ್ತಿದ್ದೆ.

ಒಂದು ಮಧ್ಯಾಹ್ನ ಮಕ್ಕಳನ್ನು ಮಲಗಿಸುತ್ತಾ ಗೋಡೆಗೆ ಒರಗಿದ್ದವಳು ನಾನೇ ನಿದ್ದೆ ಹೋದೆ. ನಮ್ಮ ಸಹಾಯಕಿ ಹಿಂದೆ ಪಾತ್ರೆ ತೊಳೆಯುತ್ತಿದ್ದಳು. ಮೂರು ವರ್ಷದ ಒಂದು ಮಗು ಎದ್ದು, ಗೇಟು ದಾಟಿ, ಲಾರಿಗಳು ಓಡುವ ಹೆದ್ದಾರಿಯ ಅಂಚಿನವರೆಗೆ ಹೋಗಿಬಿಟ್ಟಿತು. ಸೈಕಲ್ ಅಂಗಡಿಯವರು ಕಂಡು ಎತ್ತಿಕೊಂಡು ಬಂದರು. ಮೇಲಿನವರು ಬಂದು ಇನ್ನೊಮ್ಮೆ ಹೀಗಾದರೆ ಕೆಲಸದಲ್ಲಿ ಇರುವುದಿಲ್ಲ ಎಂದು ಬರೆಸಿಕೊಂಡು ಹೋದರು.

ನನ್ನ ಬಾಯಿ ಮೊದಲೇ ಕೆಟ್ಟದ್ದು. ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಮಗಳಿಗೆ ಅಂದೆ: "ನಿನ್ನ ಕಾಲಿನ ದೆಸೆಯಿಂದ ನನ್ನ ಕೆಲಸ ಹೋಗ್ತು, ನೋಡ್ತಾ ಇರು."

ಆ ರಾತ್ರಿ ಅವಳು ಕರೆಯಲಿಲ್ಲ. ಮರುದಿನವೂ ಇಲ್ಲ. ಎದ್ದು ಟಾರ್ಚು ಹಿಡಿದು ನೋಡಿದೆ. ಬಾಯಿ ಒಂದಿಷ್ಟು ತೆರೆದಿತ್ತು, ಉಸಿರು ನಿಧಾನವಾಗಿತ್ತು, ಕೈ ಎರಡೂ ಹೊದಿಕೆಯೊಳಗೆ. ಮಲಗಿಸಿದ ಹಾಗೆಯೇ ಇದ್ದಳು, ಒಮ್ಮೆಯೂ ಹೊರಳಾಡಲಿಲ್ಲ. ಅಂತೂ ಔಷಧಿ ಹಿಡಿಯಿತು ಎಂದುಕೊಂಡು ನಾನು ಎಷ್ಟೋ ದಿನಗಳ ನಿದ್ದೆಯನ್ನು ಒಟ್ಟಿಗೆ ಮಾಡಿದೆ.

ಡಾಕ್ಟರು ಒಂದು ನೋಟುಬುಕ್ಕು ಇಡಲು ಹೇಳಿದ್ದರು. ದಿನಾ ಬೆಳಗ್ಗೆ, ಹೇಗೆ ಮಲಗಿದಳು ಎಂದು ಬರೆಯಬೇಕು. ನಾನು ಪುಟದ ಮೇಲೆ ಪುಟ "ಚೆನ್ನಾಗಿ" ಎಂದು ಬರೆದೆ. ಮಳೆಗಾಲವಿಡೀ ಚೆನ್ನಾಗಿಯೇ. ಅದನ್ನು ನೋಡಿ ಅವರು ರಾತ್ರಿಯ ನೋವಿನ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. "ನಿದ್ದಿ ಹೆಂಗ ಬರ್ತೈತವಾ?" ಎಂದು ಅವಳನ್ನೂ ಕೇಳಿದರು. ಅವಳು ನನ್ನ ಮುಖ ನೋಡಿ, "ಬತ್ತು," ಎಂದಳು.

ಆದರೆ ಬೆಳಗ್ಗೆ ಹಾಸಿಗೆಯಿಂದ ಏಳಲು ಅವಳಿಗೆ ಅರ್ಧ ಗಂಟೆ ಬೇಕಾಗುತ್ತಿತ್ತು. ಶಾಲೆಯಲ್ಲಿ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗುತ್ತಾಳೆಂಬ ದೂರು ಬಂತು. ರಾತ್ರಿಯಿಡೀ ಮಲಗಿದ್ದು ಸಾಲದಾ ಎಂದು ಅದಕ್ಕೂ ಬೈದೆ.

ದಸರಾ ರಜೆಯಲ್ಲಿ ಅವಳನ್ನು ಅಂಗನವಾಡಿಗೆ ಕರೆದುಕೊಂಡು ಹೋಗಿದ್ದೆ. ಮಧ್ಯಾಹ್ನ ಒಬ್ಬಳು ಪುಟ್ಟಿ ಕಣ್ಣು ಬಿಗಿದುಕೊಂಡು ಬಿದ್ದಿದ್ದಳು. "ಏಯ್ ಕಳ್ಳಿ, ನಂಗೆ ಗೊತ್ತಾಯ್ತು," ಎಂದು ಗದರಿಸಿ, ರಿಜಿಸ್ಟರು ತರಲು ಒಳಗೆ ಹೋದೆ. ತಿರುಗಿ ಬರುವಾಗ ಮಗಳ ಪಿಸುದನಿ ಕೇಳಿಸಿತು. ಆ ಪುಟ್ಟಿಯ ಪಕ್ಕ ಕಾಲು ಚಾಚಿ ಕೂತು ಹೇಳಿಕೊಡುತ್ತಿದ್ದಳು:

"ಕಣ್ಣು ಗಟ್ಟಿ ಮುಚ್ಬೇಡ. ಸುಮ್ನೆ ಮುಚ್ಚು. ಬಾಯಿ ಸ್ವಲ್ಪ ತೆಗಿ. ಉಸಿರು ನಿಧಾನ ಬಿಡು. ಕೈ ಕಾಣೋ ಹಂಗೆ ಇಡ್ಬೇಡ. ಆಗ ಟೀಚರಿಗೆ ಗೊತ್ತಾಗೋದಿಲ್ಲ. ಟಾರ್ಚು ಹಾಕಿದ್ರೂ ಗೊತ್ತಾಗೋದಿಲ್ಲ."

ಅಂಗನವಾಡಿಯಲ್ಲಿ ಟಾರ್ಚು ಯಾರು ಹಾಕುತ್ತಾರೆ? ರಿಜಿಸ್ಟರನ್ನು ಸಹಾಯಕಿಯ ಕೈಗೆ ಕೊಟ್ಟು ಮಗಳನ್ನು ಹೊರಗಿನ ಕಟ್ಟೆಗೆ ಕರೆದುಕೊಂಡು ಹೋದೆ.

"ಎಷ್ಟು ದಿನಾತು?" ಎಂದೆ. ಅವಳು ತಲೆ ತಗ್ಗಿಸಿದಳು.

"ಆ ಸಣ್ಣ ಪಾಪು ರೋಡಿಗೆ ಹೋಗಿತ್ತಲ, ಆವತ್ತಿಂದ."

"ಒಂದಿನಾನೂ ನಿದ್ದೆ ಬಂಜಿಲ್ಯ?"

"ಬೆಳಗಿನ ಜಾವ ಒಂಚೂರು ಬತ್ತು. ಮಗ್ಗುಲು ತಿರುಗಲೆ ಹೋದ್ರೆ ನೋವಾಗಿ ಮತ್ತೆ ಎಚ್ಚರಾಗ್ತು. ಅದ್ಕೇ ಹಾಂಗೇ ಇಪ್ಪದು." ಆಮೇಲೆ ನನ್ನನ್ನೇ ಸಮಾಧಾನ ಮಾಡುವವಳಂತೆ, "ನಿನ್ನ ಕೆಲಸ ಹೋಜಿಲ್ಲೆ ಅಲ್ದ?" ಎಂದಳು.

ನೋವಾಗುತ್ತದೆಂದು ಹೊರಳಾಡದೆ ಬಿದ್ದಿದ್ದವಳನ್ನು ಸುಖವಾಗಿ ಮಲಗಿದ್ದಾಳೆಂದು ಬರೆದವಳು ನಾನು. ಬಾತ ಬೆರಳು ಸಡಿಲವಾಗುವುದಿಲ್ಲವೆಂದೇ ಅವಳು ಕೈಯನ್ನು ಹೊದಿಕೆಯೊಳಗೆ ಮುಚ್ಚಿಡುತ್ತಿದ್ದಳು. ಆ ಕಟ್ಟೆಯ ಮೇಲೆ ಕೂತು, ದಾರಿಯಲ್ಲಿ ಹೋಗುವವರು ನೋಡುತ್ತಿದ್ದರೂ, ನಾನು ಜೋರಾಗಿ ಅತ್ತೆ. ಅವಳು ಗಾಬರಿಯಾಗಿ ನನ್ನ ಸೆರಗು ಹಿಡಿದುಕೊಂಡಳು.

ಮರುದಿನವೇ ಹುಬ್ಬಳ್ಳಿ ಬಸ್ಸು ಹತ್ತಿದೆವು. ನೋಟುಬುಕ್ಕನ್ನು ಡಾಕ್ಟರ ಮುಂದಿಟ್ಟು, ಇದೆಲ್ಲ ಸುಳ್ಳು ಎಂದೆ. ನನ್ನ ಹಾಳು ಬಾಯಿ ಏನು ಮಾಡಿತೆಂಬುದನ್ನೂ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಔಷಧಿ ಬದಲಾಯಿಸಿದರು. ಇನ್ನು ಮುಂದೆ ಬುಕ್ಕಿನಲ್ಲಿ ಅವಳೇ ಬರೆಯಲಿ ಎಂದರು.

ಈಗ ಅವಳೇ ಬರೆಯುತ್ತಾಳೆ. ವಾರದಲ್ಲಿ ಮೂರು ನಾಲ್ಕು ದಿನ "ಚೆನ್ನಾಗಿ" ಎಂದಿರುತ್ತದೆ. ಅದನ್ನು ನಂಬುವುದು ಹೇಗೆಂದು ನನಗೆ ಗೊತ್ತಿಲ್ಲ. ಹದಿನೆಂಟು ಮಕ್ಕಳ ನಿದ್ದೆಯನ್ನು ಬಾಗಿಲಿಂದಲೇ ಓದುವವಳಿಗೆ, ಪಕ್ಕದಲ್ಲೇ ಮಲಗಿದ ಒಂದು ಮುಖ ಓದಲು ಬರುವುದಿಲ್ಲ. ಟಾರ್ಚು ಹಾಕುವುದನ್ನು ಬಿಟ್ಟಿದ್ದೇನೆ. ನಾನು ಎಚ್ಚರವಿದ್ದೇನೆಂದು ತಿಳಿದರೆ ಅವಳು ಮತ್ತೆ ಕಳ್ಳನಿದ್ದೆ ಶುರುಮಾಡಿಯಾಳು ಎಂಬ ಭಯಕ್ಕೆ, ಅವಳ ಕಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ, ಉಸಿರು ನಿಧಾನ ಮಾಡಿಕೊಂಡು ಮಲಗಿರುತ್ತೇನೆ.

ಮೊನ್ನೆ ಹಾಗೆಯೇ ಮಲಗಿದ್ದೆ. ಬಹಳ ಹೊತ್ತಾದ ಮೇಲೆ ಅವಳ ಗಂಟುಗಂಟಾದ ಬೆರಳು ನನ್ನ ಕಣ್ಣಿನ ಮೇಲೆ ಬಂತು.

"ಆಯಿ," ಎಂದಳು ಮೆಲ್ಲಗೆ, "ರೆಪ್ಪೆ ಅಲುಗಾಡ್ತಾ ಇದ್ದು."